ಮಲ್ಕೋ ಅಂದಿದ್ದೆ

"ಮಲಗಿದ್ರೆ ನೋವು ಜಾಸ್ತಿ ಆಗುತ್ತಾ?" ಅಂತ ಡಾಕ್ಟರ್ ಕೇಳಿದರು. ಮಗ ತಲೆಯಾಡಿಸಿದ.

"ಮುಂದಕ್ಕೆ ಬಗ್ಗಿ ಕೂತ್ರೆ?"

"ಸ್ವಲ್ಪ ಕಡಿಮೆ ಆಗುತ್ತೆ ಸರ್. ಎರಡು ರಾತ್ರಿಯಿಂದ ಹಾಗೇ ಕೂತಿದ್ದೀನಿ."

ಇದು ಮಂಗಳವಾರ ನಡುರಾತ್ರಿ ದಾಟಿದ ಮೇಲೆ ನಡೆದ ಮಾತು. ಇವತ್ತು ಭಾನುವಾರ. ಇನ್ನೂ ಕಿವಿಯಿಂದ ಹೋಗಿಲ್ಲ. ಯಾಕಂದರೆ ಆ ಎರಡು ರಾತ್ರಿಯೂ ಅವನು ಹಾಗೆ ಕೂತಿದ್ದನ್ನು ನಾನು ಕಣ್ಣಾರೆ ನೋಡಿದ್ದೆ. ದಿಂಬನ್ನು ಎದೆಗೆ ಅವುಚಿಕೊಂಡು, ಮಂಚದ ಮೇಲೆ ಬಗ್ಗಿ ಕೂತಿದ್ದ. ಮುಖದ ಮೇಲೆ ಮೊಬೈಲಿನ ಬೆಳಕು. ನೀರು ಕುಡಿಯಲು ಎದ್ದಿದ್ದ ನಾನು ಬಾಗಿಲಲ್ಲೇ ನಿಂತು ಗದರಿದ್ದೆ. "ಇಷ್ಟೊತ್ತಾದ್ರೂ ಅದನ್ನೇ ನೋಡ್ತಾ ಕೂತಿದ್ದೀಯಾ? ಸುಮ್ನೆ ಮಲ್ಕೋ." ಅವನು "ಹ್ಞೂಂ ಅಪ್ಪ, ಮಲ್ಕೋತೀನಿ" ಅಂದಿದ್ದ. ಬೇರೇನೂ ಹೇಳಲಿಲ್ಲ. ನಾನೂ ಕೇಳಲಿಲ್ಲ.

ಮಲಗಿದರೇ ನೋಯುವವನಿಗೆ ಮಲ್ಕೋ ಅಂತ ಹೇಳಿ ಬಂದಿದ್ದೆ.

ಅವನಿಗೆ 27 ವರ್ಷ. ಎದೆನೋವು ಅಂತ ಬಾಯಿ ಬಿಟ್ಟಿದ್ದು ಮೂರನೇ ರಾತ್ರಿ, ಅದೂ ಅವರಮ್ಮನ ಹತ್ತಿರ. ಆಸ್ಪತ್ರೆಗೆ ಹೇಗೆ ಹೋದೆವು ಅನ್ನುವುದು ನನಗೆ ಸರಿಯಾಗಿ ನೆನಪಿಲ್ಲ. ಒಳಗೆ ಹೋದ ತಕ್ಷಣ ಅಂಗಿ ಬಿಚ್ಚಿಸಿ ಎದೆಗೆ, ಕೈಕಾಲಿಗೆ ಒಟ್ಟು 10 ಕಡೆ ತಂತಿ ಅಂಟಿಸಿದರು. ಇಸಿಜಿ ಕಾಗದ ಹೊರಬಂತು. ಡ್ಯೂಟಿಯಲ್ಲಿದ್ದ ಹುಡುಗ ಡಾಕ್ಟರ್ ಅದನ್ನು ಒಮ್ಮೆ ನೋಡಿದ, ಮತ್ತೆ ನೋಡಿದ, ಕಾಗದ ಹಿಡಿದುಕೊಂಡೇ ದೊಡ್ಡ ಡಾಕ್ಟರನ್ನು ಕರೆಯಲು ಹೋದ. ಅವನ ಬೆನ್ನು ನೋಡುತ್ತಾ ನಿಂತಿದ್ದಾಗ ನನ್ನ ಅಂಗೈ ತಣ್ಣಗಾಗಿತ್ತು.

ಹೃದಯದ ಸ್ನಾಯುವಿಗೆ ಪೆಟ್ಟಾದರೆ ಟ್ರೋಪೋನಿನ್ ಅನ್ನೋ ಒಂದು ಪ್ರೋಟೀನ್ ರಕ್ತಕ್ಕೆ ಬರುತ್ತದಂತೆ. ಆದರೆ ಅದು ಏರಲು ಕೆಲವು ಗಂಟೆ ಬೇಕು. ಅದಕ್ಕೇ ಮೊದಲ ಸಲ ಸರಿಯಾಗಿದ್ದರೂ ನಂಬುವ ಹಾಗಿಲ್ಲ, 3 ಗಂಟೆ ಬಿಟ್ಟು ಮತ್ತೆ ರಕ್ತ ತೆಗೆಯುತ್ತೇವೆ ಅಂದರು. ಆ 3 ಗಂಟೆ ನಾನೂ ನನ್ನ ಹೆಂಡತಿಯೂ ಒಂದು ಬೆಂಚಿನ ಮೇಲೆ ಕೂತಿದ್ದೆವು. ಅವಳು ಅಳಲಿಲ್ಲ. ಮಗ ಬಿಚ್ಚಿಕೊಟ್ಟ ವಾಚನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದಳು. ಬೆಳಗಿನ ಜಾವ ಕೈ ಬಿಡಿಸಿದಾಗ ಅಂಗೈಯಲ್ಲಿ ಪಟ್ಟಿಯ ಅಚ್ಚು ಮೂಡಿತ್ತು.

ಈ ಹೊತ್ತಲ್ಲೇ ಒಬ್ಬ ಹತ್ತಿರದ ಸಂಬಂಧಿಕರು ಫೋನ್ ಮಾಡಿದರು. ಅವರಿಗೆ ಗೊತ್ತಿದ್ದವರ ಮಗ ಇದೇ ವಯಸ್ಸಿನಲ್ಲಿ ಹೀಗೇ ಎದೆನೋವು ಅಂತ ಹೋದವನು ವಾಪಸ್ ಬರಲಿಲ್ಲವಂತೆ. ಕಾಳಜಿಯಿಂದಲೇ ಹೇಳಿರಬಹುದು. ಆದರೂ ಹಾಗೆ ಹೇಳಬಾರದು. ಆಸ್ಪತ್ರೆಯ ಬೆಂಚಿನ ಮೇಲೆ ಕೂತವರಿಗೆ ಸತ್ತವರ ಕಥೆ ಹೇಳಬಾರದು. ಇಷ್ಟು ತಿಳಿಯೋದಕ್ಕೆ ಎಷ್ಟು ವಯಸ್ಸಾಗಬೇಕು?

ದೊಡ್ಡ ಡಾಕ್ಟರ್ ಬಗ್ಗೆ ಒಂದು ಮಾತು ಹೇಳಲೇಬೇಕು. ಅವರು ಬಂದವರೇ ನನ್ನ ಕಡೆ ತಿರುಗಿ, "ಸರ್, ಎರಡು ನಿಮಿಷ ಹೊರಗೆ ಇರ್ತೀರಾ?" ಅಂದರು. ಆಗ ಮೈಯೆಲ್ಲ ಉರಿಯಿತು. ನನ್ನ ಮಗನ ವಿಷಯ ನನಗೆ ಗೊತ್ತಿಲ್ಲದ್ದು ಏನಿದೆ? ಪರದೆ ಆಚೆ ನಿಂತೆ. ಸಿಗರೇಟ್, ಕುಡಿತ, ಬೇರೆ ಏನಾದ್ರೂ, ನಿದ್ದೆ, ಕೆಲಸದ ಒತ್ತಡ, ಎಲ್ಲ ಒಂದೊಂದಾಗಿ ಕೇಳಿದರು. ಅವನು ಏನು ಹೇಳಿದ ಅಂತ ನನಗೆ ಪೂರ್ತಿ ಕೇಳಿಸಲಿಲ್ಲ. ಈಗ ಅನ್ನಿಸುತ್ತದೆ, ಅವರು ಮಾಡಿದ್ದೇ ಸರಿ. ನಾನು ಎದುರಿಗೆ ನಿಂತಿದ್ದರೆ ಅವನು ನನ್ನ ಮುಖ ನೋಡಿಕೊಂಡು ಉತ್ತರ ಕೊಡುತ್ತಿದ್ದ. ಆಮೇಲೆ ನನ್ನನ್ನು ಒಳಗೆ ಕರೆದರು. ಆಗಲೇ ಆ ಪ್ರಶ್ನೆ ಕೇಳಿದ್ದು, ಮಲಗಿದ್ರೆ ಜಾಸ್ತಿ ಆಗುತ್ತಾ ಅಂತ.

ಆ ಉತ್ತರದಲ್ಲೇ ಅವರಿಗೆ ಅರ್ಧ ಗೊತ್ತಾಗಿತ್ತಂತೆ. ಹೃದಯದ ಸುತ್ತ ಎರಡು ಪದರದ ತೆಳ್ಳನೆಯ ಚೀಲ ಇರುತ್ತದೆ. ಅದು ಊದಿಕೊಂಡರೆ ಪೆರಿಕಾರ್ಡೈಟಿಸ್. ಮಲಗಿದಾಗ, ಉಸಿರು ಜೋರಾಗಿ ಎಳೆದಾಗ ಚುಚ್ಚುತ್ತದೆ, ಮುಂದಕ್ಕೆ ಬಾಗಿದರೆ ಹಗುರ ಅನ್ನಿಸುತ್ತದೆ. ಹಾರ್ಟ್ ಅಟ್ಯಾಕ್ ಆದರೆ ಇಸಿಜಿಯಲ್ಲಿ ಸಾಮಾನ್ಯವಾಗಿ ಒಂದು ಭಾಗದ ಗೆರೆಗಳಷ್ಟೇ ಬದಲಾಗಿರುತ್ತವೆ, ಇವನದರಲ್ಲಿ ಹೆಚ್ಚುಕಡಿಮೆ ಎಲ್ಲ ಕಡೆ ಬದಲಾಗಿದ್ದವು. ಎಷ್ಟೋ ಸಲ ಇದು ವೈರಲ್ ಜ್ವರ, ನೆಗಡಿ ಆದಮೇಲೆ ಬರುತ್ತದೆ. ಇವನಿಗೂ ಎರಡು ವಾರದ ಹಿಂದೆ ನೆಗಡಿ ಆಗಿತ್ತು. ಅದನ್ನೂ ನಾನು ಲೆಕ್ಕಕ್ಕೆ ಇಟ್ಟಿರಲಿಲ್ಲ.

ಎರಡನೇ ಟ್ರೋಪೋನಿನ್ನೂ ಸರಿಯಾಗಿಯೇ ಬಂತು. ಎಕೋ, ಅಂದರೆ ಹೃದಯದ ಸ್ಕ್ಯಾನ್, ಮಾಡಿದರು. ಚೀಲದಲ್ಲಿ ನೀರು ತುಂಬಿಲ್ಲ, ಹೃದಯ ಚೆನ್ನಾಗಿ ಬಡಿಯುತ್ತಿದೆ ಅಂದರು. "ಹಾರ್ಟ್ ಅಟ್ಯಾಕ್ ಅಲ್ಲ, ವಾಸಿಯಾಗುತ್ತೆ" ಅಂದಾಗ ನಾನು ಥ್ಯಾಂಕ್ಸ್ ಅನ್ನಬೇಕಿತ್ತು. ಬಾಯಿಂದ ಮಾತೇ ಬರಲಿಲ್ಲ. ಗೋಡೆ ಹಿಡಿದುಕೊಂಡು ಅಲ್ಲೇ ಕೂತುಬಿಟ್ಟೆ. ರಾತ್ರಿಯಿಡೀ ಗಟ್ಟಿಯಾಗಿ ನಿಂತಿದ್ದ ಕಾಲು, ಒಳ್ಳೇ ಸುದ್ದಿ ಕೇಳಿದ ಮೇಲೆ ನಡುಗಲು ಶುರುವಾಯಿತು. ಒಬ್ಬ ನರ್ಸಮ್ಮ ಬಂದು ನೀರು ಕೊಟ್ಟರು. ಏನೂ ಕೇಳಲಿಲ್ಲ, ಲೋಟ ಖಾಲಿಯಾಗುವವರೆಗೆ ಪಕ್ಕದಲ್ಲೇ ನಿಂತಿದ್ದರು.

ಈಗ ಊತಕ್ಕೆ ಮಾತ್ರೆ, ಜೊತೆಗೆ ಕೋಲ್ಚಿಸಿನ್. ಗೌಟ್ ಅನ್ನೋ ಕೀಲುನೋವಿಗೆ ಕೊಡುವ ಹಳೇ ಔಷಧಿ ಅದು, ಇದಕ್ಕೂ ಕೆಲಸ ಮಾಡುತ್ತದೆ. 3 ತಿಂಗಳು ತಪ್ಪಿಸದೆ ತಗೋಬೇಕು. ಡಾಕ್ಟರ್ ಹೇಳುವವರೆಗೆ ಓಟ, ಜಿಮ್ ಎಲ್ಲ ಬಂದ್. ಕೆಲವರಿಗೆ ಮತ್ತೆ ಬರುವುದುಂಟು, ಹಾಗಾಗಿ ನೋವು ಕಡಿಮೆ ಆಯಿತು ಅಂತ ಮಧ್ಯೆ ನಿಲ್ಲಿಸಬಾರದು.

ಗುರುವಾರ ಮನೆಗೆ ಬಂದ ಮೇಲೆ ಅವನನ್ನು ಕೇಳಿದೆ. "ಮೊದಲನೇ ರಾತ್ರೀನೇ ಯಾಕೆ ಹೇಳಲಿಲ್ಲ ಪುಟ್ಟಾ?"

"ನೀವು ಹೆದರ್ಕೋತೀರ ಅಂತ."

ಅಷ್ಟೇ ಅಂದ. ಚಿಕ್ಕವನಿದ್ದಾಗ ಮೈ ಸ್ವಲ್ಪ ಬೆಚ್ಚಗಾದರೂ ನಮಗೆ ತಿಳಿಯುತ್ತಿತ್ತು. ದಿನಕ್ಕೆ ಹತ್ತು ಸಲ ಎತ್ತಿಕೊಳ್ಳುತ್ತಿದ್ದೆವು, ಹಣೆ ಮುಟ್ಟುತ್ತಿದ್ದೆವು. ಮೊಣಕಾಲು ತರಚಿದರೆ ಇಡೀ ಮನೆಗೆ ಕೇಳುವ ಹಾಗೆ ಅಳುತ್ತಿದ್ದ. ಯಾವಾಗ ಅಳುವುದು ನಿಲ್ಲಿಸಿದ, ಯಾವಾಗ ನಾನು ಅವನ ಹಣೆ ಮುಟ್ಟುವುದು ಬಿಟ್ಟೆ, ಎರಡೂ ಗೊತ್ತಾಗಲೇ ಇಲ್ಲ. ಮುಟ್ಟುವುದು ಹೋಯಿತು, ಗದರುವುದು ಮಾತ್ರ ಉಳಿಯಿತು. ಅವನೋ, ನನ್ನನ್ನು ಕಾಪಾಡಬೇಕು ಅಂತ ತನ್ನ ನೋವನ್ನು ದಿಂಬಿಗೆ ಒತ್ತಿಕೊಂಡು ಕೂತಿದ್ದ. ಅವನ ವಯಸ್ಸಿನಲ್ಲಿ ನಾನೂ ಅಪ್ಪನ ಹತ್ತಿರ ಎಷ್ಟೋ ವಿಷಯ ಮುಚ್ಚಿಟ್ಟಿದ್ದೆ, ಅವರಿಗೆ ನೋವಾಗಬಾರದು ಅಂತಲೇ. ಅಪ್ಪನೂ ನನ್ನ ಬಾಗಿಲಲ್ಲಿ ಹೀಗೇ ಬಂದು ನಿಂತಿದ್ದರಾ? ಕೇಳೋಣ ಅಂದರೆ ಈಗ ಅವರಿಲ್ಲ.

ನಿನ್ನೆ ರಾತ್ರಿ ಮತ್ತೆ ನೀರಿಗೆ ಎದ್ದೆ. ಅವನ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಅಂಗಾತ ಮಲಗಿದ್ದ, ಬಾಯಿ ಸ್ವಲ್ಪ ತೆರೆದು, ಒಂದು ಕಾಲು ಹೊದಿಕೆಯ ಹೊರಗೆ. ಎದೆ ಮೆಲ್ಲಗೆ ಏರುತ್ತಿತ್ತು, ಇಳಿಯುತ್ತಿತ್ತು. ದಿಂಬು ನೆಲಕ್ಕೆ ಬಿದ್ದಿತ್ತು. ಎತ್ತಿಡಲು ಹೋಗಲಿಲ್ಲ, ಎಚ್ಚರ ಆದೀತು ಅಂತ.