ಹಾಫ್-ಬ್ರಿಡ್ಜ್ ಮಾಡ್ಯೂಲ್: ಮೂರು ಬೋರ್ಡು, ಒಂದೇ ಬಸ್

ಬಕ್ ಕನ್ವರ್ಟರಿಗೊಂದು, ಡಿಸಿ ಮೋಟಾರಿಗೊಂದು, ಇನ್ವರ್ಟರಿಗೊಂದು ಅಂತ ಪ್ರತಿ ಸಲ ಹೊಸ ಬೋರ್ಡು ಮಾಡುವ ಬದಲು ಒಂದೇ ಹಾಫ್-ಬ್ರಿಡ್ಜ್ (ಪ್ಲಸ್ ಮೈನಸ್ ನಡುವೆ ಒಂದರ ಕೆಳಗೊಂದು ಎರಡು ಸ್ವಿಚ್) ಬೋರ್ಡನ್ನು ಎಲ್ಲದಕ್ಕೂ ಬಳಸುವುದು ಈ ಪ್ರಾಜೆಕ್ಟಿನ ಗುರಿ. ಒಂದಿದ್ದರೆ ಬಕ್ (ವೋಲ್ಟೇಜ್ ಇಳಿಸುವುದು) ಅಥವಾ ಬೂಸ್ಟ್ (ಏರಿಸುವುದು), ಎರಡಿದ್ದರೆ ಎಚ್-ಬ್ರಿಡ್ಜ್ (ಡಿಸಿ ಮೋಟಾರನ್ನು ಎರಡೂ ದಿಕ್ಕಿಗೆ ತಿರುಗಿಸುವುದು), ಮೂರಿದ್ದರೆ ತ್ರೀ-ಫೇಸ್. ಅಮೆರಿಕದ ನೌಕಾಪಡೆಯ ಸಂಶೋಧನಾ ಕಚೇರಿ 1990ರ ದಶಕದಲ್ಲಿ 'ಪೆಬ್' (ಪವರ್ ಎಲೆಕ್ಟ್ರಾನಿಕ್ಸ್ ಬಿಲ್ಡಿಂಗ್ ಬ್ಲಾಕ್) ಎಂಬ ಹೆಸರಿನಲ್ಲಿ ಬೆಳೆಸಿದ್ದೂ ಇದೇ ವಿಚಾರ. ಇಲ್ಲಿಯದು 48 ವೋಲ್ಟ್, 20 ಆಂಪ್‌ನ ಚಿಕ್ಕ ರೂಪ.

ಮೂರು ಬೋರ್ಡಿನ ಸೋಲ್ಡರಿಂಗ್ ಮುಗಿದಿದೆ. ಪ್ರತಿಯೊಂದರಲ್ಲಿ ಎರಡು ಐಆರ್‌ಎಫ್‌ಬಿ4110 ಮಾಸ್ಫೆಟ್, ಒಂದು ಐಆರ್2110 ಡ್ರೈವರ್, ಗೇಟಿಗೆ 10 ಓಮ್. ಗೇಟ್ ಚಾರ್ಜ್ 150 ನ್ಯಾನೊಕೂಲಂಬ್. ಬೂಟ್‌ಸ್ಟ್ರಾಪ್ (ಮೇಲಿನ ಮಾಸ್ಫೆಟ್ಟಿನ ಗೇಟಿಗೆ ಚಾರ್ಜ್ ಕೊಡುವ ಕೆಪಾಸಿಟರ್) ವೋಲ್ಟೇಜ್ 0.2 ವೋಲ್ಟಿಗಿಂತ ಹೆಚ್ಚು ಇಳಿಯಬಾರದು ಅಂದರೆ 0.75 ಮೈಕ್ರೊಫ್ಯಾರಡ್ ಬೇಕು, 1 ಹಾಕಿದೆ. ಈ ಕೆಪಾಸಿಟರ್ ತುಂಬುವುದು ಕೆಳಗಿನ ಮಾಸ್ಫೆಟ್ ಆನ್ ಇದ್ದಾಗ ಮಾತ್ರ. ಹಾಗಾಗಿ ಶುರುವಿನಲ್ಲಿ ಮೊದಲು ಅದನ್ನೇ ಆನ್ ಮಾಡಬೇಕು, ಡ್ಯೂಟಿ (ಪ್ರತಿ ಸುತ್ತಿನಲ್ಲಿ ಮೇಲಿನ ಮಾಸ್ಫೆಟ್ ಆನ್ ಇರುವ ಪಾಲು) 95% ದಾಟಬಾರದು. ಡ್ರೈವರಿನ ಲಾಜಿಕ್ ಪವರ್ ಪಿನ್ನಿಗೆ (ವಿಡಿಡಿ) 3.3 ವೋಲ್ಟೇ ಕೊಡಿ. 15 ಕೊಟ್ಟರೆ ಇನ್‌ಪುಟ್ ಸುಮಾರು 9.5 ವೋಲ್ಟ್ ಕೇಳುತ್ತದೆ, ಕಂಟ್ರೋಲ್ ಚಿಪ್ ಎಸ್‌ಟಿಎಂ32ರ 3.3 ವೋಲ್ಟ್ ಸಿಗ್ನಲ್ ಅದಕ್ಕೆ ಕಾಣುವುದೇ ಇಲ್ಲ.

ಹೆಚ್ಚು ತಲೆ ಕೆಡಿಸಿಕೊಳ್ಳಬೇಕಾದದ್ದು ಬಸ್ ಬಗ್ಗೆ, ಅಂದರೆ ಮೂರೂ ಬೋರ್ಡಿಗೆ 48 ವೋಲ್ಟ್ ತಲುಪಿಸುವ ಪ್ಲಸ್-ಮೈನಸ್ ಲೈನಿನ ಬಗ್ಗೆ. 20 ಆಂಪ್ ಕರೆಂಟು 20 ನ್ಯಾನೊಸೆಕೆಂಡಿನಲ್ಲಿ ಕಡಿದರೆ ದಾರಿಯಲ್ಲಿರುವ ಇಂಡಕ್ಟನ್ಸಿನ ಪ್ರತಿ ನ್ಯಾನೊಹೆನ್ರಿಗೂ 1 ವೋಲ್ಟ್ ಏರುತ್ತದೆ. 10 ಸೆಂ.ಮೀ. ವಯರ್ ಅಂದರೆ ಸುಮಾರು 100 ನ್ಯಾನೊಹೆನ್ರಿ. 48ರ ಮೇಲೆ ಇನ್ನು 100 ಬಂದು ಕೂತರೆ 100 ವೋಲ್ಟಿನ ಮಾಸ್ಫೆಟ್ ಉಳಿಯುವುದಿಲ್ಲ. ಮೂರು ಬೋರ್ಡಿಗೆ ಸೇರಿಸಿ ಒಂದೇ ದೊಡ್ಡ ಕೆಪಾಸಿಟರ್ ಇಟ್ಟರೆ ಆಗುವುದು ಇದೇ. ಅದಕ್ಕೇ ಪ್ರತಿ ಬೋರ್ಡಿನಲ್ಲೂ ಮಾಸ್ಫೆಟ್ ಕಾಲಿಗೆ ತಾಗಿದಂತೆ 1 ಮೈಕ್ರೊಫ್ಯಾರಡ್ ಫಿಲ್ಮ್, ಪಕ್ಕದಲ್ಲಿ 470ರ ಎಲೆಕ್ಟ್ರೊಲಿಟಿಕ್. ಬೋರ್ಡುಗಳ ನಡುವೆ ವಯರ್ ಬೇಡ: ಪ್ಲಸ್ ಮೈನಸ್ ಎರಡೂ ಚಪ್ಪಟೆ ತಾಮ್ರದ ಪಟ್ಟಿ, ಒಂದರ ಮೇಲೊಂದು, ನಡುವೆ ಇನ್ಸುಲೇಷನ್ ಶೀಟು.

ಕಂಟ್ರೋಲಿಗೆ 10 ಪಿನ್ನಿನ ಎಫ್‌ಆರ್‌ಸಿ (ಚಪ್ಪಟೆ ರಿಬ್ಬನ್) ಕೇಬಲ್. 1 ಪವರ್, 3 ಮತ್ತು 5 ಪಿಡಬ್ಲ್ಯುಎಂ (ಮಾಸ್ಫೆಟ್ಟನ್ನು ಆನ್-ಆಫ್ ಮಾಡುವ ಸಿಗ್ನಲ್), 7 ಫಾಲ್ಟ್, 9 ಕರೆಂಟು, 10 ಉಷ್ಣತೆ. 2, 4, 6, 8 ಗ್ರೌಂಡ್. ಒಳಗಿನ ಮಾಸ್ಫೆಟ್ ನಾಳೆ ಬದಲಾಗಬಹುದು, ಈ ಕ್ರಮ ಬದಲಾಗಕೂಡದು. ಪಿಡಬ್ಲ್ಯುಎಂ ಎರಡಕ್ಕೂ ಬೋರ್ಡಿನಲ್ಲೇ 10ಕೆ ಪುಲ್‌ಡೌನ್ ಇದ್ದರೆ ಕೇಬಲ್ ಕಳಚಿದರೂ ಎರಡೂ ಮಾಸ್ಫೆಟ್ ಆಫ್. ಮೂರರ ಫಾಲ್ಟ್ ಲೈನೂ ಓಪನ್ ಕಲೆಕ್ಟರ್ (ಲೈನನ್ನು ಕೆಳಗೆ ಮಾತ್ರ ಎಳೆಯಬಲ್ಲದು). ಒಟ್ಟು ಸೇರಿ ಪಿಬಿ12ಕ್ಕೆ, ಅಂದರೆ ಟೈಮರ್ 1ರ ಬ್ರೇಕ್ ಪಿನ್ನಿಗೆ ಹೋಗುತ್ತವೆ. ಯಾವುದೇ ಬೋರ್ಡು ಆ ಲೈನನ್ನು ಕೆಳಗೆ ಎಳೆದರೂ ಸಾಫ್ಟ್‌ವೇರಿಗೆ ಕಾಯದೆ ಎಲ್ಲವೂ ನಿಲ್ಲುತ್ತವೆ. ಕರೆಂಟ್ ಸೆನ್ಸರ್ 50 ಆಂಪ್‌ನ ಎಸಿಎಸ್758. 5 ವೋಲ್ಟ್ ಕೊಟ್ಟರೆ 20 ಆಂಪಿಗೇ 3.3 ತಲುಪುತ್ತದೆ, ಆದ್ದರಿಂದ ಇದಕ್ಕೂ 3.3. ಆಗ ಆಂಪಿಗೆ 26.4 ಮಿಲಿವೋಲ್ಟ್.

72 ಮೆಗಾಹರ್ಟ್ಜ್‌ನಲ್ಲಿ ಸೆಂಟರ್-ಅಲೈನ್ಡ್ 20 ಕಿಲೊಹರ್ಟ್ಜ್‌ಗೆ ಟೈಮರ್ ಎಣಿಕೆ 1800, ಡೆಡ್-ಟೈಮ್ (ಎರಡೂ ಮಾಸ್ಫೆಟ್ ಆಫ್ ಇರುವ ನಡುವಿನ ಗ್ಯಾಪ್) 22 ಅಂದರೆ ಸುಮಾರು 306 ನ್ಯಾನೊಸೆಕೆಂಡ್. ಮೊದಲ ಪವರ್ 12 ವೋಲ್ಟ್, ಲಿಮಿಟ್ 0.2 ಆಂಪ್, ಲೋಡಿಲ್ಲದೆ ಲಿಮಿಟ್ ಮುಟ್ಟಿದರೆ ಮೊದಲು ಡೆಡ್-ಟೈಮನ್ನೇ ಸ್ಕೋಪಿನಲ್ಲಿ ನೋಡಿ.

ಮುಂದಿನ ಕೆಲಸ ಪ್ರಿಚಾರ್ಜ್. ಮೂರೂ ಸೇರಿ 1410 ಮೈಕ್ರೊಫ್ಯಾರಡ್. ಬ್ಯಾಟರಿಗೆ ನೇರ ತಗುಲಿಸಿದರೆ ಕಿಡಿ ಹಾರಿ ಕನೆಕ್ಟರ್ ಸುಡುತ್ತದೆ. 47 ಓಮಿನ ವಯರ್‌ವೌಂಡ್ ರೆಸಿಸ್ಟರ್ ಮೂಲಕ ಅರ್ಧ ಸೆಕೆಂಡು ತುಂಬಿಸಿ, ಆಮೇಲೆ ರಿಲೇ ಎಳೆಯಬೇಕು. ಆ ರಿಲೇ ಆನ್ ಆಗುವವರೆಗೆ ಪಿಡಬ್ಲ್ಯುಎಂ ಬಿಡಬಾರದು, ಇಲ್ಲದಿದ್ದರೆ ಲೋಡ್ ಕರೆಂಟೆಲ್ಲ ಆ ರೆಸಿಸ್ಟರಿನಲ್ಲೇ ಹರಿಯುತ್ತದೆ.