ಒಂದನೇ ಗೇರ್ ಅಂದುಕೊಂಡಾಗ ರಿವರ್ಸ್ ಬಿದ್ದರೆ

ಡ್ರೈವಿಂಗ್ ಕಲಿಸುವವರಿಗೆ ಮತ್ತೆ ಮತ್ತೆ ಎದುರಾಗುವ ಪ್ರಶ್ನೆ: ಹೈವೇಯಲ್ಲಿ ಐದರಿಂದ ನಾಲ್ಕಕ್ಕೆ ಇಳಿಸುವಾಗ ಕೈತಪ್ಪಿ ರಿವರ್ಸ್ ಬಿದ್ದರೆ? ಐದರ ಕೆಳಗೇ ರಿವರ್ಸ್ ಇರುವ ಬಹುತೇಕ ಗೇರ್‌ಬಾಕ್ಸ್‌ಗಳಲ್ಲಿ ಇದಕ್ಕೆಂದೇ ಒಳಗೊಂದು ಲಾಕ್ ಇರುತ್ತದೆ. ಲಿವರ್ ನ್ಯೂಟ್ರಲ್‌ನ ನಡುವಿಗೆ ಬಂದು ಹೋಗದ ಹೊರತು ರಿವರ್ಸ್ ಸಿಗದು. ಲಾಕ್ ಸವೆದಿದ್ದರೂ, ಹಲವು ಕಾರುಗಳಲ್ಲಿ ರಿವರ್ಸ್‌ಗೆ ಸಿಂಕ್ರೋ (ಗೇರ್ ಕೂಡುವ ಮುನ್ನ ವೇಗ ಹೊಂದಿಸುವ ಭಾಗ) ಇಲ್ಲದ ಕಾರಣ ಓಡುವ ಗಾಡಿಯಲ್ಲಿ ಹಲ್ಲು ಕೂಡದೆ ‘ಕರ್ರ್’ ಎಂದು ಉಜ್ಜುತ್ತದೆ. ಕೂಡಲೇ ಕೈ ತೆಗೆಯಿರಿ, ಒತ್ತಿದಷ್ಟೂ ಹಲ್ಲಿನ ಅಂಚು ಮುರಿಯುತ್ತದೆ.

ನಮಗೆ ಹೆಚ್ಚು ಭಯ ಸಿಗ್ನಲ್‌ನದು. ನಿಂತ ಗಾಡಿಯಲ್ಲಿ ರಿವರ್ಸ್ ಸದ್ದಿಲ್ಲದೆ ಬೀಳುತ್ತದೆ. ಹಸಿರು ಬಂದೊಡನೆ ಕ್ಲಚ್ ಬಿಡುತ್ತಾರೆ, ಬಂಪರ್‌ಗೆ ಒಂದು ಗೇಣು ಹಿಂದೆ ಮಗುವನ್ನು ಕೂರಿಸಿಕೊಂಡ ಸ್ಕೂಟರ್ ನಿಂತಿರುತ್ತದೆ.

ಒಂದರ ಪಕ್ಕದಲ್ಲೇ, ಎಡಕ್ಕೆ ಮೇಲ್ಗಡೆ ರಿವರ್ಸ್ ಇರುವ ಕಾರುಗಳಲ್ಲಿ ಈ ತಪ್ಪು ಸುಲಭ. ರಿವರ್ಸ್ ಹಾಕಲು ಪೋಲೋದಲ್ಲಿ ಲಿವರನ್ನು ಕೆಳಕ್ಕೆ ಒತ್ತಿ ತಳ್ಳಬೇಕು, ಕ್ರೆಟಾದಲ್ಲಿ ನಾಬ್ ಕೆಳಗಿನ ರಿಂಗ್ ಎತ್ತಬೇಕು. ಲಿವರ್ ಮೇಲೆ ಭಾರ ಹಾಕುವ, ನಾಬ್ ಅಡಿಗೆ ಬೆರಳು ಸೇರಿಸುವ ಅಭ್ಯಾಸ ಈ ಎರಡು ತಡೆಗಳನ್ನೂ ತಿಳಿಯದಂತೆಯೇ ಬಿಡಿಸಿಬಿಡುತ್ತದೆ. ಮುಷ್ಟಿ ಹಿಡಿಯಬೇಡಿ. ಒಂದಕ್ಕೆ ಹಾಕುವಾಗ ಅಂಗೈ ನಾಬ್‌ನ ಬಲಬದಿಗಿರಲಿ, ಎಡಕ್ಕೆ ಹಗುರಾಗಿ ಒತ್ತಿ ಮೇಲಕ್ಕೆ ತಳ್ಳಿ. ಐದರಿಂದ ಇಳಿಸುವಾಗ ನ್ಯೂಟ್ರಲ್‌ಗೆ ತಂದು ಒಂದು ಕ್ಷಣ ಹಿಡಿತ ಸಡಿಲಿಸಿ. ಸ್ಪ್ರಿಂಗ್ ತಾನೇ ಲಿವರನ್ನು ಮೂರು-ನಾಲ್ಕರ ಸಾಲಿಗೆ ತರುತ್ತದೆ, ಅಲ್ಲಿಂದ ನೇರ ಕೆಳಗೆಳೆದರೆ ನಾಲ್ಕು.

2019ರ ಜುಲೈ 1ರಿಂದ ನಮ್ಮ ದೇಶದ ಹೊಸ ಕಾರುಗಳಿಗೆ ರಿವರ್ಸ್ ಸೆನ್ಸರ್ ಕಡ್ಡಾಯ. ಒಂದನೇ ಗೇರ್ ಹಾಕಿದೆ ಅಂದುಕೊಂಡಾಗ ಬೀಪ್ ಕೇಳಿಸಿದರೆ ಬಿದ್ದಿರುವುದು ರಿವರ್ಸ್. ಕಲಿಯುವ ಗಾಡಿಯಲ್ಲಿ ಹಾಡು ಬೇಡ ಎನ್ನುವುದು ಇದಕ್ಕೇ. ಹಳೆಯ ಕಾರಾದರೆ ರಾತ್ರಿ ಹಿಂದಿನ ಗಾಡಿಯ ಮೇಲೆ ನಿಮ್ಮ ರಿವರ್ಸ್ ಲೈಟ್‌ನ ಬಿಳಿ ಬೆಳಕು ಬಿತ್ತೇ ಎಂದು ಕನ್ನಡಿಯಲ್ಲಿ ನೋಡಿ. ಏರಿನಲ್ಲಿ ಹ್ಯಾಂಡ್‌ಬ್ರೇಕ್ ಎಳೆದು ಕ್ಲಚ್ ನಿಧಾನ ಬಿಡಿ. ಒಂದನೇ ಗೇರ್ ಆಗಿದ್ದರೆ ಬಾನೆಟ್ ತುಸು ಮೇಲೇಳುತ್ತದೆ. ಏಳದಿದ್ದರೆ ಹ್ಯಾಂಡ್‌ಬ್ರೇಕ್ ಇಳಿಸಬೇಡಿ.

ಇಂಜಿನ್ ಆಫ್ ಮಾಡಿ, ಹ್ಯಾಂಡ್‌ಬ್ರೇಕ್ ಎಳೆದು, ಕ್ಲಚ್ ತುಳಿದು ಇನ್ನೊಂದು ಪರೀಕ್ಷೆ ಮಾಡಬಹುದು. ನ್ಯೂಟ್ರಲ್‌ನಲ್ಲಿ ಲಿವರನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಒತ್ತಿ ಬಿಡಿ, ಎರಡು ಸಲವೂ ನಡುವಿಗೆ ಬರಬೇಕು. ಬಾರದೆ ಜೋಲಾಡಿದರೆ ಸ್ಪ್ರಿಂಗ್ ಇಲ್ಲವೇ ಗೇರ್ ಕೇಬಲ್‌ನ ಬುಷ್ (ಕೇಬಲ್ ತುದಿಯ ಚಿಕ್ಕ ಬಳೆ) ಸವೆದಿರಬಹುದು, ಗ್ಯಾರೇಜ್‌ನಲ್ಲಿ ತೋರಿಸಿ. ಅಂಗಡಿಯಿಂದ ತಂದು ಹಾಕಿಸಿದ ಅಲಂಕಾರದ ನಾಬ್ ಇದ್ದರೆ ರಿಂಗ್ ಎತ್ತಿ ಬಿಡಿ. ಅದು ಕೆಳಗಿಳಿಯದೆ ಸಿಕ್ಕಿಕೊಂಡರೆ ಆ ನಾಬ್ ತೆಗೆಸಿ, ಕಂಪನಿಯದನ್ನೇ ವಾಪಸ್ ಹಾಕಿಸಿ.