ಅಕ್ಕನ ಎರಡನೇ ಸ್ಕ್ಯಾನ್

15 ನವೆಂಬರ್ 2024, ಶುಕ್ರವಾರ
ಷಿಕಾಗೊ

ಅಕ್ಕನ ರಿಪೋರ್ಟ್ ಇವತ್ತು ಕೈಗೆ ಬಂತು.

ಆರು ವರ್ಷದ ಹಿಂದೆ ಸ್ತನದ ಕ್ಯಾನ್ಸರ್ ಗಡ್ಡೆ ತೆಗೆದಾಗ ಈಸ್ಟ್ರೊಜನ್ ರಿಸೆಪ್ಟರ್ ಪಾಸಿಟಿವ್ ಅಂತ ಬಂದಿತ್ತು. ಅಂದರೆ ಈಸ್ಟ್ರೊಜನ್ ಹೋಗಿ ಕೂರುವ ಜಾಗ, ಅದೇ ರಿಸೆಪ್ಟರ್, ಗಡ್ಡೆಯ ಜೀವಕೋಶಗಳಲ್ಲಿದೆ; ಆ ಹಾರ್ಮೋನ್ ಬಲದಿಂದ ಬೆಳೆಯುವಂಥದ್ದು, ಅದನ್ನು ತಡೆಯುವ ಮಾತ್ರೆಗೆ ಬಗ್ಗುವಂಥದ್ದು. ಈಗ ಮೂಳೆಗೆ ಬಂದಿದೆ. ಹೋದ ತಿಂಗಳ ಮಾಮೂಲಿ ಪೆಟ್ ಸ್ಕ್ಯಾನ್‌ನಲ್ಲಿ ಬೆನ್ನುಮೂಳೆಯಲ್ಲಿ ಮೂರು, ಎಡ ಸೊಂಟದಲ್ಲಿ ಒಂದು ಚುಕ್ಕೆ. ಎಲ್ಲಿ ಸಕ್ಕರೆ ಜಾಸ್ತಿ ಖರ್ಚಾಗುತ್ತಿದೆ ಅಂತಷ್ಟೇ ಅದು ತೋರಿಸುತ್ತದೆ. ಮಾತ್ರೆಗೆ ಈಗಲೂ ಬಗ್ಗುತ್ತದಾ? ಅದು ಗೊತ್ತಾಗುವುದಿಲ್ಲ. ನಾಲ್ಕೂ ಕಡೆ ಸೂಜಿ ಹಾಕಿ ಚೂರು ತೆಗೆದು ನೋಡುವುದು (ಬಯಾಪ್ಸಿ), ಅದೂ ಬೆನ್ನುಮೂಳೆಗೆ, ಆಗುವ ಮಾತಲ್ಲ.

ಅದಕ್ಕೇ ಡಾಕ್ಟರು ಎಫ್‌ಇಎಸ್ ಪೆಟ್ ಮಾಡಿಸೋಣ ಅಂದರು. ಈಸ್ಟ್ರೊಜನ್‌ನಂಥದೇ ಔಷಧಕ್ಕೆ ವಿಕಿರಣ ಸೂಸುವ ಫ್ಲೋರಿನ್-18 ಸೇರಿಸಿರುತ್ತಾರೆ. ರಿಸೆಪ್ಟರ್ ಇದ್ದ ಕಡೆ ಅದು ಹೋಗಿ ಕೂರುತ್ತದೆ. ಅಮೆರಿಕದಲ್ಲಿ ಇದಕ್ಕೆ ಒಪ್ಪಿಗೆ ಸಿಕ್ಕಿದ್ದು 2020ರಲ್ಲಿ.

ಮಂಗಳವಾರ ಹೋದಾಗ ನರ್ಸ್ ಮೊದಲು ಕೇಳಿದ್ದೇ ಟಮೊಕ್ಸಿಫೆನ್ ತಗೊಳ್ತಿದ್ದೀರಾ ಅಂತ. ಆ ಮಾತ್ರೆ ರಿಸೆಪ್ಟರ್ ಮೇಲೆ ತಾನೇ ಕೂತುಬಿಡುತ್ತದೆ. ನಿಲ್ಲಿಸಿದರೂ ಎಂಟು ವಾರದವರೆಗೆ ಅದರ ಪ್ರಭಾವ ಉಳಿದಿರಬಹುದಂತೆ. ಅಕ್ಕನದು ಲೆಟ್ರೊಜೋಲ್. ಅದು ಈಸ್ಟ್ರೊಜನ್ ತಯಾರಾಗುವುದನ್ನೇ ತಡೆಯುತ್ತದೆ, ಹಾಗಾಗಿ ಅಡ್ಡಿ ಇರಲಿಲ್ಲ. ಸಿರಿಂಜ್ ದಪ್ಪ ಲೋಹದ ಕವಚದಲ್ಲಿ ಬಂತು. 110 ನಿಮಿಷಕ್ಕೆ ಅದರ ವಿಕಿರಣ ಅರ್ಧ ಇಳಿಯುತ್ತದೆ, ಅವತ್ತು ತಯಾರಿಸಿದ್ದನ್ನು ಅವತ್ತೇ ಕೊಡಬೇಕು. ಅಕ್ಕ ಎರಡು ಬಳೆ ಬಿಚ್ಚಿ ನನ್ನ ಕೈಗಿಟ್ಟು ಒಳಗೆ ಹೋದಳು. ಅವಳು ಬರುವವರೆಗೂ ಮುಷ್ಟಿ ಬಿಚ್ಚಲಿಲ್ಲ ನಾನು.

ಇವತ್ತು ಡಾಕ್ಟರು ಎರಡೂ ಸ್ಕ್ಯಾನ್ ಪಕ್ಕಪಕ್ಕ ಇಟ್ಟು ತೋರಿಸಿದರು. ಹೊಸದರಲ್ಲಿ ಲಿವರ್ ಪೂರ್ತಿ ಉರಿಯುತ್ತಿತ್ತು. ಅಕ್ಕ ನನ್ನ ಕೈ ಹಿಡಿದುಕೊಂಡಳು. ‘ಹೆದರಬೇಡಿ, ಈ ಔಷಧ ಲಿವರ್‌ಗೆ ಹೋಗಿಯೇ ಹೋಗುತ್ತೆ, ಎಲ್ಲರಿಗೂ ಹೀಗೇ ಕಾಣೋದು’ ಅಂದರು. ಅದಕ್ಕೇ ಲಿವರ್‌ನಲ್ಲಿ ಗಡ್ಡೆ ಇದೆಯಾ ಅಂತ ನೋಡೋಕೆ ಈ ಸ್ಕ್ಯಾನ್ ಉಪಯೋಗವಿಲ್ಲ. ಇದನ್ನು ಮೊದಲೇ ಹೇಳಿದ್ದರೆ ಎಷ್ಟು ಚೆನ್ನಾಗಿತ್ತು.

ಬೆನ್ನುಮೂಳೆಯ ಮೂರೂ ಚುಕ್ಕೆ ಹೊಸದರಲ್ಲೂ ಇದ್ದವು. ಸೊಂಟದ್ದು ಇರಲಿಲ್ಲ. ಒಂದೇ ಮೈಯಲ್ಲಿ ಎರಡು ಥರ! ಆರು ವರ್ಷದ ಹಳೆ ಕಾಗದ ನಂಬಿ ಔಷಧ ಬರೆದಿದ್ದರೆ ಇದು ಗೊತ್ತೇ ಆಗುತ್ತಿರಲಿಲ್ಲ, ಅಲ್ವಾ?

ಬುಧವಾರ ಸೊಂಟದ ಮೂಳೆಯ ಬಯಾಪ್ಸಿ. ಅಲ್ಲೂ ರಿಸೆಪ್ಟರ್ ಇಲ್ಲ ಅಂತ ಬಂದರೆ ಬರೀ ಹಾರ್ಮೋನ್ ಮಾತ್ರೆ ಸಾಲದು, ಬೇರೆ ಔಷಧದ ಮಾತಾಡೋಣ ಅಂದಿದ್ದಾರೆ.

‘ಸೂಜಿ ಎಲ್ಲಿಗೆ ಹಾಕಬೇಕು ಅಂತಾದ್ರೂ ಗೊತ್ತಾಯ್ತಲ್ಲ’ ಅಂದಳು ಅಕ್ಕ, ಕಾರಿನಲ್ಲಿ ಬಳೆ ತಿರುಗಿಸುತ್ತಾ.